ಬೆನ್ನು ನೆಲಕ್ಕೆ ತಾಗಿದ ಮೇಲೆ

ಹೊಳೆನರಸೀಪುರ
೧೭ ನವೆಂಬರ್ ೧೯೯೭

ಪ್ರೀತಿಯ ತಮ್ಮ ಮಂಚಯ್ಯನಿಗೆ,

ಪುಣೆಯ ಚಳಿಗೆ ನಿನ್ನ ಮುರಿದ ಮಣಿಕಟ್ಟು ನೋಯುತ್ತಿದೆಯೇ? ಪಟ್ಟಿ ಕಟ್ಟಿಕೊಂಡೇ ಮಲಗು. ಇಲ್ಲಿ ಪಾತ್ರೆ ಅಂಗಡಿ ನಡೆಯುತ್ತಿದೆ, ನಿನ್ನ ಅತ್ತಿಗೆಯ ಮಂಡಿನೋವು ಹಾಗೇ ಇದೆ. ನೀನು ಹುಡುಗನಿಗೆ ಹಚ್ಚಿದ ಬಾಕ್ಸಿಂಗ್ ಬಾಬ್ತಿನಲ್ಲಿ ಮನೆಯಿಂದ ಹೋದದ್ದು ಇಷ್ಟು: ಒಂದು ವರ್ಷದ ಎಮ್ಮೆ ಹಾಲು, ಮರಳು ತುಂಬಿ ತೊಲೆಗೆ ನೇತುಹಾಕಿದ ಗೋಣಿಚೀಲಗಳು, ಹಿತ್ತಿಲಲ್ಲಿ ಕದ್ದು ಬೇಯಿಸಿದ ಮೊಟ್ಟೆಗಳಿಂದಾಗಿ ಲಿಂಗಪೂಜೆಯ ಮನೆಯ ಶೀಲ. ಉಳಿದದ್ದು ಆಮೇಲೆ.

ಹೋದ ರಜೆಯಲ್ಲಿ ನೀನು, ನನ್ನ ಮಗ ಎನ್ನುವುದಕ್ಕಿಂತ ನಿನ್ನ ಶಿಷ್ಯನೇ ಆದ ಸಿದ್ದೇಶ್ವರನಿಗೆ ನಾಲ್ಕು ಬಗೆಯ ಕಾದಾಟ ಹೇಳಿಕೊಟ್ಟೆಯಲ್ಲ, ಸೈಕಲ್ ಮೇಲೆ ಪಾತ್ರೆ ಹೊತ್ತು ಮಾರಿ ಅಂಗಡಿ ಇಟ್ಟ ನಾನು ಅವನ್ನೆಲ್ಲ ಗಿರಾಕಿಗಳಲ್ಲೇ ಕಂಡಿದ್ದೇನೆ. ಮೆಟ್ಟಿಲ ಕೆಳಗೇ ನಿಂತು ದೂರದಿಂದ ಚುಚ್ಚುವವನು ಒಬ್ಬ. ತಕ್ಕಡಿಯ ಮೇಲೇ ಬಿದ್ದು ಉಸಿರಾಡಲು ಬಿಡದವನು ಇನ್ನೊಬ್ಬ. ಒಂದೇ ಏಟಿಗೆ ಮುಗಿಸಲು ನೋಡುವವನು ಮತ್ತೊಬ್ಬ. ನಾಲ್ಕನೆಯವನು ಸುಮ್ಮನೆ ನಿಂತಿದ್ದು, ನಾನು ಬಾಯಿ ತಪ್ಪಿ ಕಡಿಮೆ ಬೆಲೆ ಅಂದ ಕೂಡಲೇ ಹಿಡಿಯುತ್ತಾನೆ. ನಮ್ಮ ಹುಡುಗನಿಗೆ ಹೊಂದಿದ್ದು ಅದೇ. "ಎದ್ರಿಗಿರೋನು ತಪ್ ಮಾಡೇ ಮಾಡ್ತಾನೆ ಕಣ್ಲಾ, ಅಲ್ಲೀಗಂಟ ಕಾಯ್ಕಂಡಿರು" ಎಂದಿದ್ದೆ ನೀನು. ಹಾಸನದಲ್ಲಿ ಗೆದ್ದರೆ ಆಟಗಾರರ ಭರ್ತಿಯಲ್ಲಿ ಸೇನೆಗೆ, ನಿನ್ನ ಪಲ್ಟನ್ನಿಗೇ ಸೇರುತ್ತೇನೆಂದು ಟ್ರಂಕಿಗೆ ಬಣ್ಣ ಕೂಡ ಬಳಿದಿಟ್ಟಿದ್ದ.

ಹಾಸನದ ಪಂದ್ಯದಲ್ಲಿ ಎದುರಾದವನು ದುದ್ದದ ಹುಡುಗ, ಮೈಮೇಲೆ ನುಗ್ಗುವವರ ಪೈಕಿ. ನಮ್ಮವನು ಹಿಂದೆ ಸರಿಯುತ್ತ, ಸರಿಯುತ್ತ, ಅವನ ಕೈ ಇಳಿದ ಗಳಿಗೆ ನೋಡಿ ದವಡೆಗೆ ಒಂದು ಕೊಟ್ಟ. ದುದ್ದದವನು ಅಂಗಾತ ಬಿದ್ದ. "ಚಿತ್ತಾದ ಕಣ್ರಪ್ಪೋ!" ಎಂದು ನಮ್ಮೂರ ಕುಸ್ತಿ ಗರಡಿಯವರೆಲ್ಲ ಕುಣಿದರು, ನಾನೂ ಹಾರ ಹಿಡಿದು ಎದ್ದೆ. ರೆಫರಿ ತೋರಿಸಿದ ಮೂಲೆಗೆ ಹೋಗಿದ್ದ ಸಿದ್ದೇಶ್ವರ, ಕುಸ್ತಿ ಗೆದ್ದವರಂತೆ ನನ್ನ ಕಡೆ ತಿರುಗಿ, ಗ್ಲೌಸು ಜೋಡಿಸಿ ತಲೆ ಬಾಗಿಸಿದ. ಚಿಕ್ಕಂದಿನಿಂದ ಗರಡಿ ಮಣ್ಣಲ್ಲಿ ಹೊರಳಿದ ಮೈಗೆ, ಎದುರಾಳಿಯ ಬೆನ್ನು ನೆಲಕ್ಕೆ ತಾಗಿತೆಂದರೆ ಮುಗಿಯಿತು. ಬಾಕ್ಸಿಂಗಿನಲ್ಲಿ ಬಿದ್ದವನು ಎಣಿಕೆ ಮುಗಿಯುವುದರೊಳಗೆ ಎದ್ದರೆ ಮತ್ತೆ ಶುರು. ದುದ್ದದವನು ಎದ್ದ. ಮತ್ತೆ ಶುರುವೆಂದು ರೆಫರಿ ಕೂಗಿದ್ದು ನಮ್ಮ ಗದ್ದಲದಲ್ಲಿ ಮಗನಿಗೆ ಕೇಳಲಿಲ್ಲ. ತಲೆ ಬಾಗಿಸಿದ್ದವನ ಎಡಗಿವಿಗೆ ಏಟು ಬಿತ್ತು.

ಆಸ್ಪತ್ರೆಗೆ ಹೋಗುವಾಗ ಆಟೋದಲ್ಲಿ ಅವನದು ಒಂದೇ ಮಾತು: "ಅಪ್ಪಯ್ಯ, ಅವ್ನ ಬೆನ್ನು ಬಿದ್ದಿತ್ತಲ್ಲಾ, ಮತ್ಯಾಕೆ ಒಡ್ದ?" ಯಾವ ಗಿರಾಕಿಯನ್ನೂ ಉತ್ತರ ಕೊಡದೆ ಕಳಿಸಿದವನಲ್ಲ ನಾನು. ಅವತ್ತು ಕೈಲಿದ್ದ ಹಾರದ ಹೂ ಎಣಿಸಿದೆ.

ಮಗಳು ಪ್ರತಿಭಾ ನಿನಗೆಂದು ಚಟ್ನಿಪುಡಿ ಕುಟ್ಟಿಟ್ಟಿದ್ದಾಳೆ, ಕಳಿಸುತ್ತೇನೆ. ಶಿವ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಣ್ಣ,
ಪರಮಶಿವಯ್ಯ

ಅಂಚೆಯವನು ಡಬ್ಬಿ ತೆಗೆಯಲು ಬಂದ, ಅವಸರದಲ್ಲಿ ಬರೆಯುತ್ತಿದ್ದೇನೆ. ಕಿವಿಯ ತಮಟೆ ಹರಿದು ಒಳಗಿನ ನರವೂ ಹೋಗಿದೆಯಂತೆ. ಎಡಗಿವಿ ಇನ್ನು ಕೇಳಿಸದು ಎಂದರು ಡಾಕ್ಟರು. ಸೇನೆಯವರು ಕಿವಿ ಪರೀಕ್ಷೆ ಮಾಡದೆ ತೆಗೆದುಕೊಳ್ಳುತ್ತಾರೆಯೇ? ಅವನು ಇನ್ನೂ ದಿನಾ ಟ್ರಂಕಿನ ಧೂಳು ಒರೆಸುತ್ತಾನೆ. ಹೇಳಲು ನನಗೆ ಬಾಯಿ ಬರುತ್ತಿಲ್ಲ, ಭರ್ತಿಗೆ ಬರಬೇಡವೆಂದು ನೀನೇ ಅವನಿಗೆ ಬರೆ. ಸಿಕ್ಕಿದ್ದು ಇಷ್ಟು: ದುದ್ದದವನಿಗೆ ಕಪ್, ಗರಡಿಯವರಿಗೆ ಜಗಲಿಯಲ್ಲಿ ಹೇಳಲು ಒಂದು ಕಥೆ, ನನಗೆ ಬಾಡಿದ ಹಾರ, ಸಿದ್ದೇಶ್ವರನಿಗೆ ಬಲಗಿವಿ.