ಸೈಕಲ್ ಟ್ಯೂಬಿನ ತುಂಡು

ಅಕ್ಟೋಬರ್ ೧೪, ಮಂಗಳವಾರ.

ವೆಂಡೆಲ್ ಇವತ್ತು ಬೇಟೆ ಕ್ಲಬ್ಬಿನಲ್ಲಿ ರೈಫಲ್ ಎತ್ತಿ ಹಿಡಿದು ಪಾಠ ಮಾಡಿದ. "ರೈಫಲ್ಲಿಗೆ ಕಟ್ಟೋ ಲೈಟಿನ ಸ್ವಿಚ್ಚಿಗೆ ಟೇಪ್ ಸುತ್ತಬೇಡ್ರಪ್ಪಾ, ಬಿಸಿಗೆ ಅಂಟು ಬಿಟ್ಟು ಜಾರುತ್ತೆ. ಸೈಕಲ್ ಟ್ಯೂಬ್ ಕತ್ತರಿಸಿ, ಸ್ವಿಚ್ಚನ್ನೂ ಸೇರಿಸಿ ರೈಫಲ್ಲಿಗೆ ಬಳೆ ಥರ ಏರಿಸಿ. ನಂದೇ ಐಡಿಯಾ!"

ನಿಂದಾ? ಕಳೆದ ನವೆಂಬರಿನಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರ, ರಾತ್ರಿ ಬೇಟೆಯಲ್ಲಿ ಸ್ವಿಚ್ ಜಾರಿ, ಲೈಟು ಹತ್ತದೆ, ಕಾಡುಹಂದಿ ನಿನ್ನ ತೊಡೆ ಸೀಳುವುದರಲ್ಲಿತ್ತು. ಮರುದಿನ ನನ್ನ ಅಡುಗೆಮನೆಯಲ್ಲಿ ಕೂತು ಆ ಟ್ಯೂಬ್ ಏರಿಸಿಕೊಟ್ಟವಳು ನಾನು.

"ಏನ್ ತಲೆ ಮಾರಾಯಾ ನಿಂದು!" ಎಂದರು ಎಲ್ಲರೂ. ಅವನು ನನ್ನ ಕಡೆ ತಿರುಗಲೂ ಇಲ್ಲ. ರೈಫಲ್ ಕೈಯಿಂದ ಕೈಗೆ ದಾಟಿ ನನ್ನ ಬಳಿಗೂ ಬಂತು. ಮಗಳ ಸೈಕಲ್ಲಿಗೆಂದು ನಾನು ಹಾಕಿದ್ದ ಪಂಕ್ಚರ್ ತೇಪೆ ಟ್ಯೂಬಿನ ಮೇಲೆ ಹಾಗೇ ಇತ್ತು. ಅದನ್ನು ಹೆಬ್ಬೆರಳಿನಿಂದ ಸವರಿ ಪಕ್ಕದವರಿಗೆ ಕೊಟ್ಟೆ.

ಆಮೇಲೆ ಎಲ್ಲರೊಂದಿಗೆ ನಾನೂ ಚಪ್ಪಾಳೆ ತಟ್ಟಿದೆ. ಯಾಕೆ ತಟ್ಟಿದೆನೋ, ದರಿದ್ರ ಕೈ...