ಮಲ್ಕಾಜ್‌ಗಿರಿಯ ಹಸಿರು ಪರದೆ

ಜೂನ್ ೨, ಭಾನುವಾರ

'ದೂರವೆಂಬುದು ಕಾಲಿಗೆ, ಕಣ್ಣಿಗಲ್ಲ.' ಎಲ್ಲಿ ಓದಿದ್ದು? 'ಕಣ್ಣಿಗಲ್ಲ'ವೋ, 'ಮನಸ್ಸಿಗಲ್ಲ'ವೋ... ಯಾವುದಾದರೂ, ನಿಜವೇ?

ತಮ್ಮ ಭರತ ನಗರದ ಆ ತುದಿಯ ಪಟಾನ್‌ಚೆರುಗೆ ಹೋಗಿ ತಿಂಗಳು. ಔಷಧ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ. ಹುಟ್ಟು ಕಿವುಡ, ಓದುಬರಹ ಹತ್ತಲಿಲ್ಲ. ಚಿಕ್ಕಂದಿನಲ್ಲಿ ನಾವಿಬ್ಬರೇ ಕಟ್ಟಿಕೊಂಡ ಕೈಸನ್ನೆ ಬಿಟ್ಟರೆ ಬೇರೆ ಭಾಷೆಯಿಲ್ಲ. ವಿಡಿಯೋ ಕಾಲ್ ಇಲ್ಲದಿದ್ದರೆ ಮಲ್ಕಾಜ್‌ಗಿರಿಯ ಮನೆಯಿಂದ ಕಳಿಸುತ್ತಲೇ ಇರಲಿಲ್ಲ. ಎರಡೂ ಕೈ ಬಿಡುವಾಗಿರಲಿ ಎಂದು ಫೋನಿಗೆ ಸ್ಟ್ಯಾಂಡ್ ಕೊಡಿಸಿದೆ. ಇವತ್ತು ಸೂಪರ್‌ವೈಸರ್ ಹೊಟ್ಟೆ ಉಬ್ಬಿಸಿ ನಿಲ್ಲುವುದನ್ನು ತೋರಿಸಿ ನಗಿಸಿದ.

ಜೂನ್ ೩೦

ಮಲ್ಕಾಜ್‌ಗಿರಿಯ ಬಾಡಿಗೆ ಮನೆ ಬಿಟ್ಟೆ. ಒಬ್ಬಳಿಗೆ ಎರಡು ಕೋಣೆ ಯಾಕೆ? ಅಮೀರ್‌ಪೇಟ್‌ನಲ್ಲಿ, ನಾನು ಪಾಠ ಮಾಡುವ ಕೋಚಿಂಗ್ ಸೆಂಟರಿನ ಪಕ್ಕದಲ್ಲೇ ಲೇಡೀಸ್ ಹಾಸ್ಟೆಲ್. ಗಂಡಸರು ಗೇಟಿನಾಚೆಗೇ.

ಹೊರಡುವಾಗ ಪಕ್ಕದ ಮನೆಯ ಸುಂದರಾಬಾಯಿ ಕೇಳಿದರು: "ಭರತಗ ತಿಳಿಸೀರೇನ್ರಿ?"

ಹೇಳುತ್ತೇನೆ ಅಂದೆ. ಹೇಳಲಿಲ್ಲ. ಹಿಂದಿರುಗಲು ಮನೆಯಿಲ್ಲವೆಂದು ಗೊತ್ತಾದರೆ ಅಲ್ಲಿ ಅವನಿಗೆ ಧೈರ್ಯ ಸಾಲದು. ಮನೆಯಲ್ಲಿ ಕಾಲ್ ಮಾಡುವಾಗ ನನ್ನ ಬೆನ್ನ ಹಿಂದೆ ಕಾಣುತ್ತಿದ್ದ ಹಸಿರು ಪರದೆಯನ್ನೇ ತಂದು ಮಂಚದ ಹಿಂದೆ ಕಟ್ಟಿದೆ. ಅದರ ಮುಂದೆ ಕೂತು ಕಾಲ್ ಮಾಡಿದೆ. ಮನೆಯಲ್ಲೇ ಇದ್ದೇನೆಂದುಕೊಂಡ.

ಜುಲೈ ೨೧

ವಾರದಿಂದ ಎಡಗೈಯಲ್ಲೇ ಮಾತು. ಸ್ಟ್ಯಾಂಡ್ ಮುರಿದಿದೆಯಂತೆ. ಬಲಗೈಯಲ್ಲಿ ಫೋನ್ ಹಿಡಿದಿದ್ದಾನೆ... ನಮ್ಮ ಸನ್ನೆಯಲ್ಲಿ ಎರಡು ಅಂಗೈ ಸೂರಿನಂತೆ ಕೂಡಿದರೆ 'ಮನೆ'. ಇವತ್ತು ಒಂದೇ ಕೈ ಓರೆಯಾಗಿ ಎತ್ತಿದ. ಅರ್ಧ ಮನೆ. ಬರಲೇ ಎಂದು ಕೇಳುತ್ತಿದ್ದ.

ಮುಂದಿನ ತಿಂಗಳು ನೋಡೋಣ ಅಂದೆ.

ಜುಲೈ ೨೩, ಮಧ್ಯಾಹ್ನ

ಪಾಠದ ನಡುವೆ ಹೊಳೆಯಿತು — ಮೊನ್ನೆ ಕಾಲ್‌ನಲ್ಲಿ ಅವನ ಚಿತ್ರ ಅಲುಗಾಡುತ್ತಲೇ ಇರಲಿಲ್ಲ. ಫೋನ್ ಅವನ ಕೈಯಲ್ಲಿರಲಿಲ್ಲ. ಹೊರಗೆ ಬಂದು ಕಾಲ್ ಮಾಡಿದೆ. ಬಲಗೈ ತೋರಿಸು ಎಂದೆ. ತಲೆ ಅಲ್ಲಾಡಿಸಿದ. ಕಟ್. ಆಮೇಲೆ ಎತ್ತಲೇ ಇಲ್ಲ.

ಜುಲೈ ೨೪

ಬೆಳಗಿನ ಮೊದಲ ಬಸ್ಸಿಗೆ ಪಟಾನ್‌ಚೆರು. ಅವನ ಖೋಲಿಗೆ ಬೀಗ. ಪಕ್ಕದ ಖೋಲಿಯ ಅಮರೇಶಪ್ಪ, ರಾಯಚೂರು ಕಡೆಯವರು, ಬಾಗಿಲಿಗೆ ಬಂದರು. ಬಲಗೈ ಮಷೀನಿಗೆ ಸಿಕ್ಕು ಹತ್ತು ದಿನವಾಯಿತಂತೆ. ನಾಲ್ಕು ಬೆರಳು. ಕೆಲಸವೂ ಹೋಯಿತಂತೆ. ಫೋನಿನಲ್ಲಿ ನನ್ನ ಚಿತ್ರ ತೋರಿಸಿ, ಅಕ್ಕನಿಗೆ ತಿಳಿಸಬೇಡಿ ಎಂದು ಕೈಯಾಡಿಸಿ ಇವರ ಕಾಲು ಹಿಡಿದನಂತೆ.

ಈಗೆಲ್ಲಿ ಎಂದೆ. ಒಳಗೆ ಹೋಗಿ ಭರತನ ಫೋನ್ ತಂದರು.

"ನಿನ್ನೆ ಸಂಜಿಗೆ ನನ್ನ ಕೈಯಾಗ ಕೊಟ್ಟು ಹ್ವಾದನ್ರಿ. ಅಕ್ಕನ ಮನಿಗೇ ಹೊಂಟೀನಿ, ಇನ್ನ ಇದ್ಯಾಕ ಅಂತ ಸನ್ನಿ ಮಾಡಿದ... ಇನ್ನೂ ಮನಿ ಮುಟ್ಟಿಲ್ಲೇನ್ರಿ ಅಕ್ಕಾರ?"