ಕಣ್ಣು ಮುಚ್ಚದವಳ ಪ್ರಾರ್ಥನೆ

ಧುಪದಾಳ
೧೪ ಮಾರ್ಚ್ ೧೯೩೬

ಮೂಡಲಗಿಯಲ್ಲಿ ಸುವಾರ್ತೆ ಸಾರುತ್ತಿರುವ ನನ್ನ ಯಜಮಾನರಿಗೆ ಶೆಟ್ಟೆವ್ವ ಮಾಡುವ ವಂದನೆಗಳು.

ನಾನೂ ಮಗಳು ಕೃಪಾಳೂ ಕ್ಷೇಮ. ನೀವೂ ಕ್ಷೇಮವೆಂದು ಬಂದವರು ಹೇಳುತ್ತಾರೆ, ಮೈಕೈ ತುಂಬಿಕೊಂಡಿದ್ದೀರಂತೆ. ಈ ಪತ್ರವನ್ನು ಯಾರ ಕೈಯಿಂದಲೂ ಬರೆಸಿಲ್ಲ. ನೀವೇ ಕಲಿಸಿದ ಅಕ್ಷರ. ಯಾಕಾದರೂ ಕಲಿಸಿದೆನೋ ಎಂದು ಓದಿ ಮುಗಿಸುವ ಹೊತ್ತಿಗೆ ನಿಮಗೆ ಅನ್ನಿಸಿದರೆ ನನ್ನ ತಪ್ಪಲ್ಲ.

ಕಳೆದ ರವಿವಾರ ಆರಾಧನೆ ಮುಗಿದ ಮೇಲೆ ಸಭೆಯ ಹಿರಿಯರಾದ ಪರಸಪ್ಪನವರು ನನ್ನನ್ನು ಬಾಜೂಕ್ಕೆ ಕರೆದರು. ನೀವು ಅವರಿಗೆ ಹೇಳಿ ಕಳಿಸಿದ್ದೀರಂತೆ: ನನ್ನ ಹೆಂಡತಿ ಪ್ರಾರ್ಥನೆಯಲ್ಲಿ ಕಣ್ಣು ತೆರೆದುಕೊಂಡು ಕೂರುತ್ತಾಳೆ, ಅವಳ ಮನಸ್ಸು ಪರಲೋಕದ ಕಡೆಗಿಲ್ಲ, ತಿದ್ದಿಕೊಳ್ಳುವವರೆಗೆ ಕರ್ತನ ಭೋಜನದಲ್ಲಿ ಅವಳಿಗೆ ರೊಟ್ಟಿ ಕೊಡಬೇಡಿರಿ ಎಂದು. ಪಾಪ, ಆ ಮುದುಕರು ನೆಲ ನೋಡುತ್ತ ಮಾತಾಡಿದರು. "ಈಸ್ಟರ್ ಹಬ್ಬದ ಭೋಜನಕ್ಕ ಇನ್ನೂ ಟೈಮ್ ಐತಿ ತಂಗಿ, ಅಷ್ಟರಾಗ ಕಣ್ಣ ಮುಚ್ಚೂದು ರೂಢಿ ಮಾಡ್ಕೊ. ನಿನ್ನ ಬಿಟ್ಟು ರೊಟ್ಟಿ ಹಂಚಾಕ ನನಗೂ ಮನಸ್ಸಿಲ್ಲ" ಎಂದರು. ಅವರಿಗೆ ನಾಚಿಕೆಯಾಗಿತ್ತು. ಹೇಳಿ ಕಳಿಸಿದ ನಿಮಗೆ ಆಗಲಿಲ್ಲವೇ?

ಈ ಸಭೆ ಬಿಟ್ಟರೆ ನನಗೆ ಯಾರಿದ್ದಾರೆ? ನಿಮ್ಮ ಮಾತು ಕೇಳಿ ದೀಕ್ಷಾಸ್ನಾನ ತೆಗೆದುಕೊಂಡ ದಿನವೇ ತವರಿನ ಬಾಗಿಲು ಮುಚ್ಚಿತು. ಅಣ್ಣ ಕರೆಪ್ಪ ಒಬ್ಬ ಮಾತಾಡಿಸುತ್ತಾನೆ, ಅದೂ ಕುರಿ ಮೇಯಿಸುವಾಗ, ಬಯಲಿನಲ್ಲಿ. ಈಗ ಸಭೆಯಲ್ಲೂ ರೊಟ್ಟಿಯ ತಟ್ಟೆ ನನ್ನನ್ನು ದಾಟಿ ಪಕ್ಕದವಳ ಕೈಗೆ ಹೋಗಬೇಕೇ? ಹೊರಗಿನವರು ದೂಡಿದರೆ ತಾಳಿಕೊಳ್ಳಬಹುದು. ಕೈಹಿಡಿದವರೇ ದೂಡಿದರೆ ಯಾರ ಮುಂದೆ ಹೇಳಲಿ?

ಕಣ್ಣು ಮುಚ್ಚುವುದು ನಮ್ಮ ಮೂಲದ ರೂಢಿಯಲ್ಲ, ನಿಮಗೆ ಗೊತ್ತಿದೆ. ನಮ್ಮಪ್ಪ ಹಿಂಡಿನ ಮುಂದೆ ನಿಂತು ಬೀರಪ್ಪನಿಗೆ ಕೈ ಮುಗಿಯುವಾಗಲೂ ಕಣ್ಣು ಕುರಿಗಳ ಮೇಲೆಯೇ ಇರುತ್ತಿದ್ದವು. ನಿಮ್ಮಪ್ಪನೂ ಅಷ್ಟೇ. ಸಭೆ ಸೇರಿದ ಹೊಸದರಲ್ಲಿ ನನ್ನ ರೆಪ್ಪೆಗಳು ತಾವಾಗಿಯೇ ತೆರೆದುಕೊಳ್ಳುತ್ತಿದ್ದವು. ಸೆರಗನ್ನು ಮುಖದ ಮೇಲೆ ಎಳೆದುಕೋ ಎಂದಿರಿ, ಎಳೆದುಕೊಂಡೆ. ಹೋದ ವರ್ಷ ಕಾಲುವೆಯ ದಂಡೆಯ ಮೇಲೆ ಕೂಟ ನಡೆದ ದಿನವೂ ಹಾಗೆಯೇ ಕುಳಿತಿದ್ದೆ.

ಆ ದಿನದ ಸಂಗತಿ ನಿಮಗೆ ತಿಳಿಯದ್ದಲ್ಲ. ಆದರೂ ಬರೆಯುತ್ತೇನೆ, ಏಕೆಂದರೆ ನೀವು ಅದನ್ನು ಬೇರೆಯೇ ರೀತಿ ಹೇಳಿಕೊಂಡು ತಿರುಗುತ್ತಿದ್ದೀರಿ. ಹುಕ್ಕೇರಿಯಿಂದ ಪಾದ್ರಿ ಸಾಹೇಬರು ಬಂದಿದ್ದರು, ನಿಮ್ಮನ್ನು ಉಪದೇಶಕರನ್ನಾಗಿ ಮಾಡಬಹುದೇ ಎಂದು ನೋಡಲು. ನೀವು ಅವರ ಪಕ್ಕದಲ್ಲಿ ನಿಂತು, ನಮ್ಮ ಕಡೆ ಮುಖ ಮಾಡಿ, ಪರಲೋಕದ ಮೇಲೆಯೇ ದೃಷ್ಟಿ ನಿಲ್ಲಲೆಂದು ಉದ್ದಕ್ಕೆ ಪ್ರಾರ್ಥಿಸಿದಿರಿ. ಮಡಿಲಲ್ಲಿದ್ದ ನಾಲ್ಕು ವರ್ಷದ ಕೂಸು ಕೃಪಾ ಯಾವಾಗ ಇಳಿದು ಹೋದಳೋ ಸೆರಗಿನೊಳಗಿದ್ದ ನನಗೆ ತಿಳಿಯಲಿಲ್ಲ. ನೀರಿಗೆ ಏನೋ ಬಿದ್ದ ಸದ್ದಾಯಿತು. ಆಚೆ ದಂಡೆಯಲ್ಲಿ ಕುರಿ ಮೇಯಿಸುತ್ತಿದ್ದ ಕರೆಪ್ಪಣ್ಣ ಕಂಬಳಿ ಬಿಸಾಕಿ ಧುಮುಕಿದ. ಅವನೊಬ್ಬನ ಕಣ್ಣುಗಳು ಮಾತ್ರ ತೆರೆದಿದ್ದವು. ತಂದು ನನ್ನ ತೊಡೆಯ ಮೇಲೆ ಹಾಕಿದಾಗ ಅವಳ ತುಟಿಗಳು ನೀಲಿಗಟ್ಟಿದ್ದವು.

ನಾನು ಬೋರಾಡಿ ಅಳುತ್ತಿದ್ದೆ. ನೀವು ಆಮೆನ್ ಹೇಳುವವರೆಗೆ ಕಣ್ಣು ತೆರೆಯಲಿಲ್ಲ. ಪಾದ್ರಿ ಸಾಹೇಬರು ನಿಮ್ಮ ಬೆನ್ನು ತಟ್ಟಿದರು. ಅಣ್ಣ ಒದ್ದೆ ಮೈಯಲ್ಲಿ ನಡುಗುತ್ತ, "ಕಣ್ಣ ಮುಚ್ಚಿ ಹಿಂಡ ಕಾದ್ರ ತೋಳಕ್ಕ ಹಬ್ಬ ಆಕ್ಕೈತಿ ಮಾವಾ" ಎಂದ. ತಿಂಗಳೊಳಗೆ ಮೂಡಲಗಿಯ ಉಪದೇಶಕರಾದಿರಿ. ನಾನು ಅಂದಿನಿಂದ ಸೆರಗನ್ನು ಹೆಗಲಿನಿಂದ ಮೇಲೆ ಎತ್ತಿಲ್ಲ.

ಮೊನ್ನೆ ಸಂತೆಯಲ್ಲಿ ನಾಗನೂರಿನ ಉದ್ದವ್ವ ಸಿಕ್ಕು ನನ್ನ ಕೈ ಹಿಡಿದುಕೊಂಡಳು. "ಎಂಥಾ ಭಕ್ತಿರಿ ಯಕ್ಕಾ ನಿಮ್ಮ ಯಜಮಾನರದು! ಮಗಳು ನೀರಾಗ ಮುಳುಗಾಕತ್ತಿದ್ರೂ ಅವರ ದೃಷ್ಟಿ ಪರಲೋಕ ಬಿಟ್ಟು ಕದಲಲಿಲ್ಲಂತ. ನಮ್ಮೂರ ಕೂಟದಾಗ ಅವರು ಹೇಳಿದ ಸಾಕ್ಷಿ ಕೇಳಿ ನಾವೆಲ್ಲಾ ಅತ್ತೀವಿ" ಎಂದಳು. ನನ್ನ ಕೂಸಿನ ನೀಲಿ ತುಟಿ ನಿಮಗೆ ಊರೂರಿನಲ್ಲಿ ಬಿಚ್ಚುವ ಬುತ್ತಿಯಾಯಿತೇ? ಧುಮುಕಿದವನ ಹೆಸರನ್ನಾದರೂ ಹೇಳುತ್ತೀರಾ ಎಂದು ಕೇಳಿದೆ. ಇಲ್ಲವಂತೆ, ದೇವದೂತನೊಬ್ಬ ಬಂದನೆಂದು ಹೇಳುತ್ತೀರಂತೆ. ನಮ್ಮ ಕರೆಪ್ಪಣ್ಣ ದೇವದೂತ! ಅವನ ಬಾಯಿಯ ಬೈಗುಳ ಕೇಳಿದವರಿಗೆ ಗೊತ್ತು.

ನನಗೆ ಪರಲೋಕ ಬೇಡವೆಂದು ತಿಳಿಯಬೇಡಿ. ಉಣ್ಣೆ ನೂಲುವಾಗ, ರೊಟ್ಟಿ ಬಡಿಯುವಾಗ ನನಗೆ ಅದರದೇ ಧ್ಯಾನ. ನೀವು ನೆನಪಾದರೆ ಸಿಟ್ಟು ಬಂದು ಕೆಡುತ್ತದೆ, ಅಷ್ಟೇ. ಕರ್ತನು ನಮ್ಮ ಕುರುಬನೆಂದು ನೀವೇ ಹೇಳಿಕೊಟ್ಟಿರಿ. ಒಳ್ಳೆಯ ಮಾತು. ಆದರೆ ನಾವು ಹುಟ್ಟು ಕುರುಬರು. ಕಣ್ಣು ಮುಚ್ಚಿಕೊಂಡ ಕುರುಬನನ್ನು ನೀವು ಎಲ್ಲಿ ಕಂಡಿರಿ? ಕರ್ತನು ನನ್ನನ್ನು ನೋಡುತ್ತಿದ್ದಾನೆಂದು ನಂಬಿಯೇ ನಾನು ಕೃಪಾಳನ್ನು ನೋಡುತ್ತ ಪ್ರಾರ್ಥಿಸುತ್ತೇನೆ. ನನಗೆ ಮೇಲಕ್ಕೆ ಹೋಗಲು ಬೇರೆ ದಾರಿ ಗೊತ್ತಿಲ್ಲ.

ಆದ್ದರಿಂದ ಕೇಳಿ. ಈಸ್ಟರಿಗೆ ಮೊದಲು ಬನ್ನಿ. ಪರಸಪ್ಪನವರ ಮುಂದೆ ನಿಂತು ನಿಮ್ಮ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಿ. ಆ ಸಾಕ್ಷಿಯನ್ನು ಇನ್ನು ಯಾವ ಊರಿನಲ್ಲೂ ಹೇಳಬೇಡಿ. ಬರದಿದ್ದರೆ ನಾನು ಮೂಡಲಗಿಗೆ ಬಂದು ಒಲೆ ಹೂಡುವ ಆಸೆಯನ್ನು ಬಿಟ್ಟುಬಿಡಿ. ಬಂದರೂ ಬರದಿದ್ದರೂ ಹಬ್ಬದ ದಿನ ನಾನು ಮುಂದಿನ ಸಾಲಿನಲ್ಲಿ, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕಣ್ಣು ತೆರೆದೇ ಕೈ ಚಾಚುತ್ತೇನೆ. ಕೊಡದೆ ಹೋಗುವವರು ನನ್ನ ಮುಖ ನೋಡಿ ಹೋಗಲಿ.

ಗಂಡನ ಹೆಸರು ಹೇಳಬಾರದು, ಗಂಡನ ಮೇಲೆ ಸಿಟ್ಟಾಗಬಾರದು ಎಂದು ಕಲಿತು, ಮೊದಲನೆಯದನ್ನು ಮಾತ್ರ ನೆನಪಿಟ್ಟುಕೊಂಡಿರುವ

ಶೆಟ್ಟೆವ್ವ

ತಾ.ಕ.: ಇದನ್ನು ಬರೆಯಬಾರದೆಂದೇ ಕಾಗದ ಮಡಿಸಿದ್ದೆ, ಮತ್ತೆ ಬಿಚ್ಚಿದೆ. ನಿನ್ನೆ ತಲೆ ಬಾಚುವಾಗ ಕೃಪಾ ತಾನಾಗಿಯೇ ಹೇಳಿದಳು. ನಾನು ಏನೂ ಕೇಳಿರಲಿಲ್ಲ. "ಯವ್ವಾ, ಅವತ್ತ ನಾ ನೀರಿನ ಹಂತೇಕ ಹೋಗೂಮುಂದ ಅಪ್ಪ ಕಣ್ಣ ತೆರೆದು ನನ್ನ ನೋಡಿದ. ನಾ ಕೈ ಮಾಡಿದೆ. ಅಪ್ಪ ಪಾದ್ರಿ ಸಾಹೇಬ್ರನ್ನ ನೋಡಿ ಮತ್ತ ಕಣ್ಣ ಮುಚ್ಚಿಕೊಂಡ." ಪರಸಪ್ಪನವರಿಗೆ ಇದನ್ನು ಹೇಳಿಲ್ಲ, ಅಣ್ಣನಿಗಂತೂ ಹೇಳುವಂತೆಯೇ ಇಲ್ಲ. ನೀವು ಬಂದು, ಮಗಳನ್ನು ಎದುರಿಗೆ ಕೂರಿಸಿಕೊಂಡು, ಅದು ಸುಳ್ಳೆಂದು ಹೇಳಿ. ನಂಬುತ್ತೇನೆ.